ಬಲ ಹಿಂಗಾಲಿನ ತಗಡು

ಆಗಸ್ಟ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಫರೀದಾಬಾದಿನ ಹಿಂದಿನ ಗುಡ್ಡಗಳಲ್ಲಿ ಕೆಲಸ ನಿಂತು ವರ್ಷಗಳಾದ ಒಂದು ಕಲ್ಲುಗಣಿಯ ಅಂಚು. ಹಾಜರಿದ್ದವರು ಮೂವರು: ಆ ಭಾಗದ ವನರಕ್ಷಕ, ಆಡು ಕಾಯುವ ಒಬ್ಬ ಮುದುಕ, ನಾನು. ಇಪ್ಪತ್ತಾರು ಆಡುಗಳು ಮತ್ತು ಮುದುಕನ ಎರಡು ನಾಯಿಗಳೂ ಇದ್ದವು. ಕರಿಯ ಗಂಡು ಶೇರು, ಕಂದು ಬಣ್ಣದ ಹೆಣ್ಣು ಭೂರಿ. ಎರಡು ದಿನ ಬಿಡದೆ ಸುರಿದ ಮಳೆ ಆಗಷ್ಟೇ ನಿಂತಿತ್ತು.

ಗಣಿಯ ಗುಂಡಿಯಲ್ಲಿ ನೀರು ತುಂಬಿತ್ತು. ನಮ್ಮಿಂದ ನಲವತ್ತು ಅಡಿ ಕೆಳಗೆ, ನೀರಿಗಿಂತ ಒಂದು ಮೊಳ ಮೇಲೆ, ಜಗಲಿಯಂತೆ ಚಾಚಿಕೊಂಡ ಕಲ್ಲಿನ ಮೇಲೆ ಒಂದು ಹೆಣ್ಣು ಚುಕ್ಕೆ ಜಿಂಕೆ ಸತ್ತು ಬಿದ್ದಿತ್ತು. ಹೊಟ್ಟೆಯ ಒಂದು ಬದಿ ಹರಿದಿತ್ತು. ಬೆಳಗಿನ ಗಸ್ತಿಗೆ ಬಂದ ವನರಕ್ಷಕ ನೋಡಿದಾಗ ಎರಡೂ ನಾಯಿಗಳು ಅದರ ಬಳಿಯೇ ಇದ್ದವಂತೆ.

"ಕೇಸು ಸಾಫ್ ಇದೆ ಮೇಡಂಜೀ," ಎಂದ ವನರಕ್ಷಕ. "ಇವನ ನಾಯಿಗಳ ಮೂತಿ ನೋಡಿ. ರಕ್ತ ಕೂಡ ಒರೆಸಿಕೊಂಡಿಲ್ಲ."

"ತಿಂದಿದ್ದು ಹೌದು ಸಾಹೇಬ್, ಕೊಂದಿದ್ದಲ್ಲ," ಎಂದ ಮುದುಕ. "ನೀನು ಮದುವೆ ಮನೆಯಲ್ಲಿ ಊಟ ಮಾಡಿ ಬಂದರೆ ಆಡು ಕಡಿದವನು ನೀನೇ ಏನು?"

ವನರಕ್ಷಕ ಕೈಯಲ್ಲಿದ್ದ ಹಾಳೆಯನ್ನು ಮುಂದೆ ಹಿಡಿದ. ಅದರಲ್ಲಿ 'ನಾಯಿಗಳ ದಾಳಿ' ಎಂದು ಆಗಲೇ ಬರೆದಾಗಿತ್ತು. ಆ ಎರಡು ಪದ ವೈದ್ಯರ ವರದಿಯಲ್ಲೂ ಬಂದರೆ ಮಧ್ಯಾಹ್ನವೇ ನಗರಪಾಲಿಕೆಯ ಗಾಡಿ ಬಂದು ಶೇರು ಮತ್ತು ಭೂರಿಯನ್ನು ಹಿಡಿದೊಯ್ಯುತ್ತದೆ. ಈ ಗುಡ್ಡದಲ್ಲಿ ಚಿರತೆಗಳಿವೆ. ನಾಯಿಗಳಿಲ್ಲದೆ ಇಲ್ಲಿ ಆಡು ಮೇಯಿಸುವುದು ಚಿರತೆಗೆ ಎಲೆ ಹಾಕಿ ಬಡಿಸಿದಂತೆ. ಮುದುಕನಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

ನಿವೃತ್ತಿಯ ನಂತರ ಅರಣ್ಯ ಚೌಕಿಯ ಸ್ವಯಂಸೇವಕರ ಪಟ್ಟಿಗೆ ನಾನು ಹೆಸರು ಕೊಟ್ಟಿದ್ದೆ. ಗಾಯಗೊಂಡ ಇಲ್ಲವೇ ಸತ್ತ ಪ್ರಾಣಿಯನ್ನು ಚೌಕಿಗೆ ತಲುಪಿಸುವುದು ನನ್ನ ಪಾಲಿನ ಕೆಲಸ. ಪಶುವೈದ್ಯೆಗೆ ಅಲ್ಲಿಂದಲೇ ಫೋನ್ ಮಾಡಿದೆ. ಹನ್ನೆರಡಕ್ಕೆ ಚೌಕಿಗೆ ಬರುತ್ತೇನೆ, ಒಂದು ಗಂಟೆಗೆ ಹೊರಡಲೇಬೇಕು, ಅಷ್ಟರಲ್ಲಿ ಜಿಂಕೆ ಅಲ್ಲಿರದಿದ್ದರೆ ವನರಕ್ಷಕನ ಹೇಳಿಕೆಯ ಮೇಲೆ ವರದಿ ಬರೆಯಬೇಕಾಗುತ್ತದೆ ಎಂದರು.

ಆರು ನಲವತ್ತಕ್ಕೆ ವನರಕ್ಷಕನ ಫೋನ್ ಸದ್ದು ಮಾಡಿತು. ಮುಖ್ಯ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿದೆ, ಕೂಡಲೇ ಬಾ ಎಂಬ ಆದೇಶ. ಹತ್ತರೊಳಗೆ ಬಂದು ಕೈ ಜೋಡಿಸುತ್ತೇನೆ ಎಂದು ಹೇಳಿ ಜೀಪಿನಲ್ಲಿ ಹೋದ. ಬರಲಿಲ್ಲ. ಅವನನ್ನು ದೂರುವುದಿಲ್ಲ. ಎರಡು ಗುಡ್ಡಗಳಿಗೆ ಅವನೊಬ್ಬನೇ.

"ಚಲೋ ಬೆಹನ್‌ಜೀ, ನಾವಿಬ್ಬರೇ ಎತ್ತೋಣ," ಎಂದು ಮುದುಕ ತೋಳು ಮಡಚಿದ.

"ನೀವು ಮುಟ್ಟುವಂತಿಲ್ಲ ಭಾಯಿಸಾಹೇಬ್."

"ಯಾಕೆ? ನನ್ನ ಕೈ ಮೈಲಿಗೆಯೇ?"

"ಆರೋಪ ನಿಮ್ಮ ನಾಯಿಗಳ ಮೇಲಿದೆ. ನೀವು ಮುಟ್ಟಿದ ಹೆಣವನ್ನು ಯಾರೂ ಸಾಕ್ಷಿ ಎಂದು ಒಪ್ಪುವುದಿಲ್ಲ. ಮೂವತ್ತು ಅಡಿ ದೂರ ಕುಳಿತುಕೊಳ್ಳಿ."

ಅವನು ಪಾದಕ್ಕೆ ಪಾದ ಜೋಡಿಸಿ ಮೂವತ್ತು ಎಣಿಸಿ ಗಣಿಯಂಚಿನ ಒಂದು ಬಂಡೆಯ ಮೇಲೆ ಕುಳಿತ. "ಇಲ್ಲಿಂದ ನೋಡಬಹುದೋ, ಕಣ್ಣೂ ಮುಚ್ಚಬೇಕೋ?" ಎಂದು ಕೂಗಿದ. ನಾನು ಸಾಮಾನು ಎಣಿಸತೊಡಗಿದೆ. ಮೂವತ್ತು ಮೀಟರಿನ ನೈಲಾನ್ ಹಗ್ಗ ಒಂದು, ಸಣ್ಣ ಹಗ್ಗದ ತುಂಡು ಮೂರು, ರಾಟೆ ಎರಡು, ಕಬ್ಬಿಣದ ಕೊಂಡಿ ನಾಲ್ಕು, ತಾಡಪಾಲು, ಅಗಲ ಪಟ್ಟಿ, ಕೈಗವಸು, ಸುತ್ತಿಗೆ, ಇಕ್ಕುಳ, ತಗಡಿನ ಬಿಲ್ಲೆ, ಸಣ್ಣ ತಂತಿ, ಟಿಪ್ಪಣಿ ಪುಸ್ತಕ.

ಹಿಂದೆ ಲಾರಿಗಳು ಇಳಿಯುತ್ತಿದ್ದ ಇಳಿಜಾರು ಅರ್ಧ ಕುಸಿದಿದೆ. ಕೋಲೂರಿಕೊಂಡು, ಒದ್ದೆ ಕೆಂಪು ಮರಳಿನಲ್ಲಿ ಹಿಮ್ಮಡಿ ಹುಗಿಯುತ್ತ, ಹತ್ತು ನಿಮಿಷದಲ್ಲಿ ಕೆಳಗಿಳಿದೆ. ನನಗೆ ಅರವತ್ತೆಂಟು ವರ್ಷ. ಜಿಂಕೆ ನಲವತ್ತೈದು ಕಿಲೋ ಇರಬಹುದು ಎಂದು ಅಂದಾಜು ಮಾಡಿದೆ. ನೀರಿನ ಮಟ್ಟಕ್ಕೆ ಬಂಡೆಯ ಮೇಲೆ ಸುಣ್ಣದಕಡ್ಡಿಯಿಂದ ಒಂದು ಗೆರೆ ಎಳೆದೆ.

ಆಮೇಲೆ ಮೊದಲ ಕೆಲಸವಾಗಿ ತಗಡು ಕಟ್ಟಿದೆ.

ಇದನ್ನು ಸ್ವಲ್ಪ ವಿವರಿಸಬೇಕು. ನಾನು ಮೂವತ್ನಾಲ್ಕು ವರ್ಷ ಕೆಲಸ ಮಾಡಿದ್ದು ದೆಹಲಿಯ ಒಂದು ಸಂಶೋಧನಾ ಸಂಸ್ಥೆಯ ಪ್ರಾಣಿಶಾಲೆಯಲ್ಲಿ. ಅಲ್ಲಿ ಕುರಿಯೋ ಆಡೋ ಹಂದಿಯೋ ಸತ್ತರೆ ಯಾರೂ ಮತ್ತೊಂದು ಕೆಲಸಕ್ಕೆ ಕೈ ಹಾಕುವಂತಿರಲಿಲ್ಲ. ಮೊದಲು ಸಂಖ್ಯೆ ಕೆತ್ತಿದ ತಗಡಿನ ಬಿಲ್ಲೆಯನ್ನು ಬಲ ಹಿಂಗಾಲಿಗೆ, ಗೊರಸಿನ ಮೇಲಿನ ಗಂಟಿನಿಂದ ನಾಲ್ಕು ಬೆರಳು ಮೇಲೆ, ಸಣ್ಣ ತಂತಿಯಿಂದ ಎರಡು ಸುತ್ತು ಸುತ್ತಿ ಇಕ್ಕುಳದಲ್ಲಿ ತಿರುಚಿ ಬಿಗಿಯಬೇಕು. ಬಿಲ್ಲೆ ಅಲುಗಿದರೆ ಹಿರಿಯರು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ಕಟ್ಟಿ ಕಟ್ಟಿ ಕೈ ಪಳಗಿ, ಕಣ್ಣಿನ ನೆರವಿಲ್ಲದೆಯೇ ಆ ಜಾಗ ಹುಡುಕಿಕೊಳ್ಳುತ್ತಿತ್ತು. ಅಂದು ಏಳು ಹದಿನೈದಕ್ಕೆ ನಾನು ಮಾಡಿದ್ದೂ ಅದೇ. ಕೂದಲಿನ ಮೇಲೆಲ್ಲ ಕೆಸರು ಮೆತ್ತಿತ್ತು. ತಂತಿ ತನ್ನ ಜಾಗಕ್ಕೆ ಸರಿಯಾಗಿ ಕುಳಿತಿತು. ಅಷ್ಟು ಸಲೀಸಾಗಿ ಕುಳಿತದ್ದು ಹೇಗೆ ಎಂದು ಆಗ ಯೋಚಿಸಲಿಲ್ಲ.

ನಂತರ ಎರಡೂ ಹಿಂಗಾಲು ಸೇರಿಸಿ ಹಗ್ಗ ಬಿಗಿದೆ. ಪ್ರಾಣಿಶಾಲೆಯಲ್ಲಿ ಭಾರ ಎತ್ತುತ್ತಿದ್ದುದೂ ಹಿಂಗಾಲಿನಿಂದಲೇ. ಮೇಲೆ ಬಂದು, ಅಂಚಿನಿಂದ ಹತ್ತಡಿ ಹಿಂದಿದ್ದ ಒಂದು ಬಳ್ಳಾರಿ ಜಾಲಿಯ ಬುಡಕ್ಕೆ ಒಂದು ರಾಟೆ, ಎಳೆಯುವ ಹಗ್ಗದ ಮೇಲೆ ಇನ್ನೊಂದು ರಾಟೆ ಹಾಕಿದೆ. ನಾನು ಮೂರು ಅಡಿ ಎಳೆದರೆ ಜಿಂಕೆ ಒಂದು ಅಡಿ ಮೇಲೆ ಬರುತ್ತದೆ, ಆದರೆ ಭಾರ ಮೂರನೇ ಒಂದಕ್ಕೆ ಇಳಿಯುತ್ತದೆ. ನಡುವೆ ಕೈ ಬಿಟ್ಟರೆ ಹಿಂದಕ್ಕೆ ಜಾರದಂತೆ ಸಣ್ಣ ಹಗ್ಗದ ತುಂಡೊಂದನ್ನು ಮುಖ್ಯ ಹಗ್ಗಕ್ಕೆ ಸುತ್ತಿ ತಡೆ ಮಾಡಿದೆ.

ಎಂಟು ಐದಕ್ಕೆ ಶುರು. ಹತ್ತು ಎಳೆತ, ಮೂವತ್ತು ಎಣಿಸುವಷ್ಟು ವಿರಾಮ, ಮತ್ತೆ ಹತ್ತು. ಎಂಟು ನಲವತ್ತರ ವೇಳೆಗೆ ಹದಿನಾಲ್ಕು ಅಡಿ ಬಂದಿತ್ತು.

"ಬೆಹನ್‌ಜೀ, ಆ ಕೀಕರ್ ಮರ ನಂಬಬೇಡ!" ಎಂದು ಮುದುಕ ಕೂಗಿದ. "ಮಳೆಯಲ್ಲಿ ಅದಕ್ಕೆ ಬೇರಿಲ್ಲ!"

ನಾನು ತಿರುಗಿ ನೋಡುವುದಕ್ಕೂ ಜಾಲಿಯ ಬುಡ ಒದ್ದೆ ಮರಳಿನ ಸಮೇತ ಏಳುವುದಕ್ಕೂ ಸರಿಹೋಯಿತು. ತಡೆ ಕಟ್ಟಿದ್ದೂ ಅದೇ ಮರಕ್ಕೆ. ಮರ ನನ್ನ ಮೊಣಕಾಲಿನ ಪಕ್ಕದಿಂದ ಅಂಚಿನವರೆಗೆ ಜಾರಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಜಿಂಕೆ ಹೋದ ದಾರಿಯಲ್ಲೇ ಕೆಳಗಿಳಿದು ಜಗಲಿಗಿಂತ ಎರಡು ಅಡಿ ಮೇಲೆ ನಿಂತಿತು. ಅಂಗೈಯಲ್ಲಿ ಮುಳ್ಳು ಮುರಿದಿತ್ತು. ಕಿತ್ತು, ತೊಳೆದು, ಪಟ್ಟಿ ಕಟ್ಟಿಕೊಂಡೆ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ಮುಟ್ಟಬೇಡ ಎಂದೆ ನೀನು, ಸುಮ್ಮನಿದ್ದೆ ನಾನು. ಮಾತಾಡಬಹುದು ಎಂದು ನೀನು ಹೇಳಿದ್ದೆಯಾ?"

ನ್ಯಾಯವಾದ ಮಾತು. ಸಲಹೆ ಕೊಡುವುದು ಹೆಣವನ್ನು ಮುಟ್ಟಿದಂತಲ್ಲ ಎಂದು ತೀರ್ಮಾನಿಸಿದೆ. ಆದರೆ ಕೊಟ್ಟ ಸಲಹೆಯನ್ನೆಲ್ಲ ಪುಸ್ತಕದಲ್ಲಿ ಬರೆಯುತ್ತೇನೆ ಎಂದೆ. "ಬರಿ, ಬರಿ. ನನ್ನ ಮೊಮ್ಮಕ್ಕಳು ಓದುತ್ತಾರೆ," ಎಂದ.

ಗಣಿ ನಡೆಯುತ್ತಿದ್ದಾಗ ಕಲ್ಲು ಪುಡಿ ಮಾಡುವ ಯಂತ್ರ ನಿಲ್ಲಿಸಿದ್ದ ಸಿಮೆಂಟಿನ ಕಟ್ಟೆಯೊಂದು ಎಡಕ್ಕೆ ಇಪ್ಪತ್ತು ಅಡಿ ದೂರದಲ್ಲಿತ್ತು. ಅದರಲ್ಲಿ ಹೆಬ್ಬೆರಳು ಗಾತ್ರದ ನಾಲ್ಕು ಕಬ್ಬಿಣದ ಬೋಲ್ಟು ಇನ್ನೂ ಇದ್ದವು. ಸುತ್ತಿಗೆಯಿಂದ ಬಡಿದು ನೋಡಿ, ಎರಡಕ್ಕೆ ಭಾರ ಹಂಚಿ ಕಟ್ಟಿದೆ. ಒಂಬತ್ತು ಹತ್ತಕ್ಕೆ ಮತ್ತೆ ಎಳೆದೆ. ಈಗ ಬುಡ ಅಲುಗಲಿಲ್ಲ. ಜಿಂಕೆಯೂ ಅಲುಗಲಿಲ್ಲ. ಇಳಿದು ನೋಡಿದರೆ ಮುಂಗಾಲುಗಳು ಕಲ್ಲಿನ ಸಂದಿಗೆ ಸಿಕ್ಕಿಕೊಂಡಿದ್ದವು. ಬಿಡಿಸಿ ಹತ್ತಿದೆ. ಆರು ಅಡಿ ಬಂದು ಮತ್ತೆ ಸಿಕ್ಕಿತು. ಮತ್ತೆ ಇಳಿದೆ. ಬೆಳಗಿನಿಂದ ಮೂರನೆಯ ಆ ಇಳಿತದಲ್ಲಿ ಸೊಂಟ ಮಾತಾಡತೊಡಗಿತ್ತು. ನಾನು ಎಳೆದ ಗೆರೆಯನ್ನು ನೀರು ಮುಚ್ಚಿತ್ತು.

"ಬೆಹನ್‌ಜೀ, ಒಂದು ಮಾತು," ಮೇಲಿನಿಂದ ಮುದುಕನ ಧ್ವನಿ. "ಬೆಕ್ಕನ್ನು ಬಾಲ ಹಿಡಿದು ಎಳೆದರೆ ಬರುತ್ತದಾ? ಕೂದಲಿನ ವಿರುದ್ಧ ಎಳೆಯುತ್ತಿದ್ದೀ. ತಲೆ ಮೇಲೆ ಮಾಡು. ಕಾಲು ತಾವಾಗಿ ಹಿಂದೆ ಮಡಚಿಕೊಳ್ಳುತ್ತವೆ, ಕೂದಲು ನುಣ್ಣಗೆ ಜಾರುತ್ತದೆ. ನಾನು ಸತ್ತ ಆಡುಗಳನ್ನೆಲ್ಲ ಹಾಗೇ ತಂದದ್ದು."

ಹಿಂಗಾಲಿನಿಂದ ಎತ್ತುವುದು ನೇರ ಮೇಲಕ್ಕೆ ಎತ್ತುವಾಗಿನ ಪದ್ಧತಿ. ನಾನಿಲ್ಲಿ ಎತ್ತುತ್ತಿರಲಿಲ್ಲ, ಉಜ್ಜುತ್ತಿದ್ದೆ. ಎರಡು ಗಂಟೆ ಕಳೆದರೂ ಈ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ಜಿಂಕೆಯನ್ನು ಮತ್ತೆ ಜಗಲಿಗೆ ಇಳಿಸಿಕೊಂಡು ಹಗ್ಗ ಬಿಚ್ಚಲು ಕುಳಿತೆ.

ಒಂಬತ್ತು ಐವತ್ತು. ಹಗ್ಗ ಸರಿದಲ್ಲಿ ಕೆಸರು ಅಳಿಸಿಹೋಗಿತ್ತು. ಬಲ ಹಿಂಗಾಲಿನಲ್ಲಿ, ನನ್ನ ತಗಡಿನ ತಂತಿಯ ಕೆಳಗೆ, ಒಂದು ಗೆರೆ ಕಂಡಿತು. ನೀರು ಸುರಿದು ತೊಳೆದೆ. ಕಾಲನ್ನು ಪೂರ್ತಿ ಬಳಸಿದ ತೆಳುವಾದ ತೋಡು, ಅಲ್ಲಿ ಕೂದಲಿಲ್ಲ, ಚರ್ಮ ಒಳಕ್ಕೆ ಕುಸಿದಿದೆ, ಅಂಚು ಕಪ್ಪು. ಬೈಕಿನ ಕ್ಲಚ್ ವೈರಿನಿಂದ ಮಾಡಿದ ಉರುಳುಗಳನ್ನು ಚೌಕಿಯಲ್ಲಿ ರಾಶಿ ಹಾಕಿರುವುದನ್ನು ನೋಡಿದ್ದೇನೆ. ಈ ಜಿಂಕೆಯ ಕಾಲು ಅಂಥದೊಂದು ಉರುಳಿನಲ್ಲಿ ಸಿಕ್ಕಿತ್ತು. ಎಳೆದಾಡಿ ತಂತಿ ಹರಿದುಕೊಂಡು ಓಡಿ ಇಲ್ಲಿ ಬಿದ್ದಿರಬೇಕು. ನಾಯಿಗಳು ಬಂದದ್ದು ಆಮೇಲೆ.

ಇಷ್ಟು ತಿಳಿದದ್ದರ ಜೊತೆಗೇ ಇನ್ನೊಂದೂ ತಿಳಿಯಿತು. ನನ್ನ ತಂತಿ ಕುಳಿತಿದ್ದುದು ಅದೇ ತೋಡಿನಲ್ಲಿ. ಸಲೀಸಾಗಿ ಕುಳಿತದ್ದು ಅದಕ್ಕೇ. ಎರಡೂ ತಂತಿಗಳ ದಪ್ಪ ಹೆಚ್ಚುಕಡಿಮೆ ಒಂದೇ. ಅದರ ಮೇಲೆ ನನ್ನ ಹಗ್ಗ ಎರಡು ಗಂಟೆ ಉಜ್ಜಿ ಚರ್ಮ ಸುಲಿದಿತ್ತು. ಈ ಗಾಯ ಉರುಳಿನದ್ದು ಎಂದು ನಾನು ಹೇಳಿದರೆ, ನೀವೇ ಕಟ್ಟಿದ ತಂತಿಯದ್ದು ಎಂದು ಯಾರು ಬೇಕಾದರೂ ಹೇಳಬಹುದು.

ತಗಡನ್ನು ಬಿಚ್ಚಿ ಎಡಗಾಲಿಗೆ ಕಟ್ಟಿಬಿಡಬಹುದಿತ್ತು. ನೋಡುವವರು ಮುದುಕನೊಬ್ಬನೇ, ಅವನೂ ನಲವತ್ತು ಅಡಿ ಮೇಲೆ. ಅವನ ನಾಯಿಗಳಿಗೆ ಅದರಿಂದ ಒಳ್ಳೆಯದೇ ಆಗುತ್ತಿತ್ತು. ಇಕ್ಕುಳ ಕೈಗೆ ತೆಗೆದುಕೊಂಡದ್ದೂ ನಿಜ. ಮತ್ತೆ ಚೀಲದಲ್ಲಿಟ್ಟೆ. ಇದ್ದ ಹಾಗೆಯೇ ನಾಲ್ಕು ಬದಿಯಿಂದ ಫೋಟೊ ತೆಗೆದು, ಕಾಲಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಪುಸ್ತಕ ತೆರೆದೆ.

"ಏನು ಬರೆಯುತ್ತಿದ್ದೀ? ನನ್ನ ಸಲಹೆಯಾ?"

"ಅದೂ ಇದೆ. ಜೊತೆಗೆ ನನ್ನ ತಪ್ಪು." ಗಟ್ಟಿಯಾಗಿ ಎಲ್ಲವನ್ನೂ ಹೇಳಿದೆ, ಗೆರೆ, ತಂತಿ, ಹಗ್ಗ.

"ಉರುಳು ಎಂದು ನಿನಗೆ ಗೊತ್ತಾಯಿತಲ್ಲ. ಇನ್ನು ತಪ್ಪು ಯಾಕೆ ಬರೆಯಬೇಕು?"

"ಬರೆಯಬೇಕು."

"ಅದರಿಂದ ನನ್ನ ನಾಯಿಗಳು ಹೋದರೆ?"

'ಸಮಯ 9.55. ಬಿಲ್ಲೆ ಕಟ್ಟುವ ಮೊದಲು ಕಾಲನ್ನು ಪರೀಕ್ಷಿಸಲಿಲ್ಲ. ತಂತಿ ಮತ್ತು ಹಗ್ಗದ ಗುರುತು ನನ್ನಿಂದ ಆದದ್ದು' ಎಂದು ಬರೆದು ಸಹಿ ಹಾಕಿದೆ. ಮುದುಕ ಆಡುಗಳ ಕಡೆಗೆ ಮುಖ ತಿರುಗಿಸಿದ.

ಜಿಂಕೆಯನ್ನು ತಾಡಪಾಲಿನಲ್ಲಿ ಸುತ್ತಿ, ಕುತ್ತಿಗೆಗೂ ಎದೆಗೂ ಸೇರಿಸಿ ಅಗಲವಾದ ಪಟ್ಟಿ ಹಾಕಿ, ತಲೆ ಮೇಲೆ ಮಾಡಿ ಎಳೆದೆ. ಅವನು ಹೇಳಿದ್ದು ಸರಿ. ಕಾಲುಗಳು ಮಡಚಿಕೊಂಡವು, ಒಂದೇ ಸಲಕ್ಕೆ ಮೂವತ್ತೈದು ಅಡಿ ಬಂತು. ನಿಂತದ್ದು ಅಂಚಿನಲ್ಲಿ, ಹಗ್ಗ ಕಲ್ಲಿನ ಮೂಲೆಗೆ ಕಚ್ಚಿಕೊಂಡು. ಹತ್ತು ಎಳೆತಕ್ಕೆ ಒಂದು ಅಂಗುಲವೂ ಇಲ್ಲ.

ಮುದುಕ ಎದ್ದು ಹೋದ. ಕೋಪ ಮಾಡಿಕೊಂಡು ಹೊರಟ ಎಂದುಕೊಂಡೆ. ಬಿದ್ದ ಜಾಲಿಯಿಂದ ತೋಳು ಗಾತ್ರದ ಎರಡು ಕೊಂಬೆ ಕಡಿದು, ತೊಗಟೆ ಸುಲಿದು ತಂದು ಮೂವತ್ತು ಅಡಿ ಆಚೆ ನೆಲಕ್ಕೆ ಹಾಕಿದ. ತೊಗಟೆಯ ಕೆಳಗಿನ ಕಟ್ಟಿಗೆ ಸಾಬೂನಿನಂತೆ ಜಾರುತ್ತಿತ್ತು.

"ಕೊಂಬೆ ಜಿಂಕೆಯಲ್ಲ," ಎಂದ. "ಇದನ್ನೂ ಮುಟ್ಟಬಾರದಿತ್ತಾ?"

"ಕೊಂಬೆ ಆಗಬಹುದು," ಎಂದೆ. ಕೊಂಬೆಗಳನ್ನು ಅಂಚಿಗೆ ಜೋಡಿಸಿ, ಹಗ್ಗವನ್ನು ಅವುಗಳ ಮೇಲೆ ಹರಿಯಬಿಟ್ಟೆ. ಹನ್ನೊಂದು ಇಪ್ಪತ್ತಕ್ಕೆ ಜಿಂಕೆ ಮೇಲೆ ಬಂತು. ಕೆಳಗಿನ ಜಗಲಿಯ ಮೇಲೆ ಆಗ ಗೇಣುದ್ದ ನೀರು.

ಅಲ್ಲಿಂದ ಚೌಕಿಗೆ ಮುಕ್ಕಾಲು ಕಿಲೋಮೀಟರ್. ಎದೆಗೆ ಅಡ್ಡಪಟ್ಟಿ ಹಾಕಿಕೊಂಡು ಮುಂದಕ್ಕೆ ಬಾಗಿ ಎಳೆಯುತ್ತ ನಡೆದೆ. ಐವತ್ತು ಹೆಜ್ಜೆ, ವಿರಾಮ, ಮತ್ತೆ ಐವತ್ತು. ಮುದುಕ ಆಡು, ನಾಯಿಗಳೊಡನೆ ಮೂವತ್ತು ಅಡಿ ಅಂತರ ಬಿಟ್ಟು ಹಿಂದೆ ಬಂದ. ದಾರಿಯ ಹಳ್ಳದಲ್ಲಿ ಮೊಣಕಾಲುದ್ದ ಕೆಂಪು ನೀರು ಹರಿಯುತ್ತಿತ್ತು. ಕಾಲಿನ ಚೀಲ ನೆನೆಯಬಾರದೆಂದು ಹಿಂಭಾಗವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಹಿಂದಕ್ಕೆ ನಡೆದು ದಾಟಿದೆ. ನಡುನೀರಿನಲ್ಲಿ ಒಮ್ಮೆ ಕುಳಿತುಬಿಟ್ಟೆ. ಹಿಂದಿನಿಂದ ಯಾರೂ ತಮಾಷೆ ಮಾಡಲಿಲ್ಲ.

ಹನ್ನೆರಡು ನಲವತ್ತೆಂಟಕ್ಕೆ ಚೌಕಿಯ ಶೆಡ್ ತಲುಪಿದೆ. ಬೀದರ್ ಕಡೆಯ ತರುಣಿ ಪಶುವೈದ್ಯೆ ಕೈಚೀಲ ಹೆಗಲಿಗೇರಿಸಿ ಹೊರಡಲು ನಿಂತಿದ್ದರು. ಪಕ್ಕದಲ್ಲಿ ವನರಕ್ಷಕ, ಕೈಯಲ್ಲಿ ಅದೇ ಹಾಳೆ. ಬೆಳಗಿನಿಂದ ಹಿಂದಿಯನ್ನೇ ಕೇಳಿದ್ದ ಕಿವಿಗೆ ಕನ್ನಡ ಬಿತ್ತು.

"ಅಯ್ಯೋ ಮೇಡಂ, ಒಬ್ರೇ ಎಳ್ಕೊಂಡು ಬಂದ್ರಾ? ಈ ವಯಸ್ಸಲ್ಲಿ? ಮೊದಲು ಕೂತ್ಕೊಳ್ಳಿ, ನೀರು ಕುಡೀರಿ."

"ನೀರು ಆಮೇಲೆ. ಮೊದಲು ಇದನ್ನ ಓದಿ, ಆಮೇಲೆ ಕಾಲು ನೋಡಿ," ಎಂದು ಪುಸ್ತಕ ಕೊಟ್ಟೆ.

ಅವರು ನಿಂತಲ್ಲೇ ಓದಿದರು. "ಅಚ್ಛಾ! ನಿಮ್ಮ ಮೇಲೆ ನೀವೇ ಎಫ್‌ಐಆರ್ ಹಾಕ್ಕೊಂಡಿದ್ದೀರಲ್ಲ ಮೇಡಂ!" ಎಂದು ಕೈಚೀಲ ಇಳಿಸಿ, ಇನ್ನೊಂದು ಕಡೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ತಿಳಿಸಿ, ಕೈಗವಸು ಹಾಕಿಕೊಂಡರು.

ಮೊದಲು ಕುತ್ತಿಗೆ ನೋಡಿದರು. ಕಚ್ಚಿದ ಗುರುತು ಒಂದೂ ಇಲ್ಲ. ನಂತರ ಹರಿದ ಹೊಟ್ಟೆಯ ಅಂಚು. ಅದು ಬಿಳಿಚಿತ್ತು. ಕೊನೆಗೆ ಕಾಲಿನ ಚೀಲ ಬಿಚ್ಚಿ, ತೋಡಿಗೆ ಅಡ್ಡಲಾಗಿ ಚರ್ಮವನ್ನು ಉದ್ದಕ್ಕೆ ಸೀಳಿ ಮಡಚಿದರು. ಮುದುಕ ಶೆಡ್ಡಿನ ಹೊರಗೆ, ತನ್ನ ಮೂವತ್ತು ಅಡಿಯಲ್ಲಿ, ಎರಡೂ ನಾಯಿಗಳ ಕೊರಳಿನ ಹಗ್ಗ ಹಿಡಿದು ನಿಂತಿದ್ದ.

"ಬನ್ನಿ ಮೇಡಂ, ನೋಡಿ," ಎಂದ ವೈದ್ಯೆ ವನರಕ್ಷಕನಿಗೂ ತಿಳಿಯಲೆಂದು ಹಿಂದಿಗೆ ಬದಲಾಯಿಸಿದರು. "ಹಗ್ಗ ಉಜ್ಜಿದ ಈ ಜಾಗದ ಕೆಳಗೆ ಏನೂ ಇಲ್ಲ, ಮಾಂಸ ಬಿಳಿ. ಸತ್ತ ಮೇಲಾದ ಗಾಯ ಹೀಗೇ ಇರುತ್ತದೆ. ಹೊಟ್ಟೆಯಲ್ಲಿ ನಾಯಿ ಕಿತ್ತದ್ದೂ ಹಾಗೇ. ಆದರೆ ತೋಡಿನ ಕೆಳಗೆ ನೋಡಿ, ಕಾಲಿನ ಸುತ್ತ ಬಳೆಯ ಹಾಗೆ ಕಪ್ಪು ರಕ್ತ ಹೆಪ್ಪುಗಟ್ಟಿದೆ, ಮೇಲೆ ಬಾವು ಬಂದಿದೆ. ಹೃದಯ ಬಡಿಯುತ್ತಿದ್ದರೆ ಮಾತ್ರ ಹೀಗಾಗುವುದು. ಕಾಲು ಉರುಳಿನಲ್ಲಿ ಸಿಕ್ಕಾಗ ಇದು ಬದುಕಿತ್ತು. ನಾಯಿಗಳು ಬಂದಾಗ ಬದುಕಿರಲಿಲ್ಲ."

"ಮತ್ತೆ ನನ್ನ ತಂತಿ?" ಎಂದೆ.

"ನಿಮ್ಮ ತಂತಿ ಚರ್ಮದ ಒಳಗೂ ಇಳಿದಿಲ್ಲ. ಆದರೆ ನೀವು ಬರೆದು ಕೊಡದಿದ್ದರೆ ಈ ಎರಡನೇ ಗುರುತು ಎಲ್ಲಿಂದ ಬಂತು ಎಂದು ನಾನು ವರದಿಯಲ್ಲಿ ಕೇಳಲೇಬೇಕಾಗುತ್ತಿತ್ತು. ಆಗ ಎಲ್ಲವೂ ಅನುಮಾನವೇ." ನಿಮ್ಮ ಪುಟವನ್ನೂ ವರದಿಗೆ ಸೇರಿಸುತ್ತೇನೆ ಎಂದರು. ಆಗ ನೀರು ಕುಡಿದೆ.

ವನರಕ್ಷಕ ತನ್ನ ಹಾಳೆಯಲ್ಲಿ ಎರಡು ಪದ ಹೊಡೆದುಹಾಕಿ ಮೇಲೆ 'ಉರುಳು' ಎಂದು ಬರೆದ. ಹೊರಗೆ ಹೋಗಿ ಮುದುಕನಿಗೆ, "ತಿಂದದ್ದು ಮಾತ್ರ ತಿಂದಿವೆ. ನಾಳೆಯಿಂದ ಗಣಿಯ ಹತ್ತಿರ ಇವುಗಳ ಹಗ್ಗ ಬಿಚ್ಚಬೇಡ," ಎಂದ. "ಊಟಕ್ಕೆ ಕರೆಯದೆ ಹೋದದ್ದು ತಪ್ಪೇ ಸಾಹೇಬ್," ಎಂದು ಮುದುಕ ಭೂರಿಯ ತಲೆಗೆ ಮೆಲ್ಲಗೆ ಒಂದು ಏಟು ಹಾಕಿದ. ಶೇರು ಬಾಲ ಅಲ್ಲಾಡಿಸಿತು.

ಎರಡು ಮುಕ್ಕಾಲಿಗೆ ವರದಿಗೆ ಸಹಿಯಾಯಿತು. ಕಾಲಿನ ಆ ಭಾಗವನ್ನು ಮೊಹರು ಮಾಡಿ ಇಟ್ಟುಕೊಂಡು ಉಳಿದದ್ದನ್ನು ಎಲ್ಲರ ಎದುರಿಗೆ ಸುಡಬೇಕು ಎಂಬುದು ನಿಯಮ. ಚೌಕಿಯ ಹಿಂದೆ ಕಟ್ಟಿಗೆ ಒಟ್ಟಿದೆವು. ಹೊರಗಿನದೆಲ್ಲ ಒದ್ದೆ. ಶೆಡ್ಡಿನೊಳಗಿನ ಒಣ ಸೌದೆಯನ್ನು ವನರಕ್ಷಕ ಹೊತ್ತು ತಂದ. ಕಾಲಿನ ಭಾಗಕ್ಕೆ ಮೊಹರು ಹಾಕುವ ಮೊದಲು ನನ್ನ ಪದ್ಧತಿಯ ಪ್ರಕಾರ ಸಂಖ್ಯೆಯನ್ನು ತಾಳೆ ನೋಡಿ ತಗಡನ್ನು ಬಿಚ್ಚಿದೆ. ಇಕ್ಕುಳದಲ್ಲಿ ತಿರುಚಿದ ತಂತಿ ಬಿಚ್ಚಲು ಹೊತ್ತು ಹಿಡಿಯಿತು. ಪಟ್ಟಿ ಕಟ್ಟಿದ ಅಂಗೈ ಮಡಚುತ್ತಿರಲಿಲ್ಲ.

ಜಿಂಕೆಯನ್ನು ಸೌದೆಯ ಮೇಲೆ ಇಡಬೇಕಿತ್ತು. ನಾನು ಮುಂಭಾಗಕ್ಕೆ ಬಾಗಿದೆ. ಸೊಂಟ ಏಳಲಿಲ್ಲ. ವನರಕ್ಷಕ ಸೀಮೆಎಣ್ಣೆ ತರಲು ಒಳಗೆ ಹೋಗಿದ್ದ.

ಮುದುಕ ಇನ್ನೂ ಅಲ್ಲೇ, ಮೂವತ್ತು ಅಡಿ ದೂರದಲ್ಲಿ ನಿಂತಿದ್ದ. "ಬೆಹನ್‌ಜೀ," ಎಂದ. "ಈಗ?"

"ಈಗ ಮುಟ್ಟಬಹುದು ಭಾಯಿಸಾಹೇಬ್."

ಅವನು ನಾಯಿಗಳನ್ನು ಕಂಬಕ್ಕೆ ಕಟ್ಟಿ, ಕೈಗಳನ್ನು ಪಂಚೆಗೆ ಒರೆಸಿಕೊಂಡು ಬಂದ. ತಲೆಯ ಕಡೆ ಅವನು ಹಿಡಿದ, ಹಿಂಭಾಗ ನಾನು. ಮೂರು ಎಣಿಸಿ ಎತ್ತಿ ಮೇಲಿಟ್ಟೆವು. ಮೂರು ಗಂಟೆ ಮೂವತ್ತೈದಕ್ಕೆ ಬೆಂಕಿ ಹತ್ತಿತು, ಐದು ಇಪ್ಪತ್ತಕ್ಕೆ ಆರಿತು. ಬೂದಿಗೆ ನೀರು ಹಾಕಿ, ಹಗ್ಗ ತೊಳೆದು, ಹಿಂಡಿ, ಸುರುಳಿ ಸುತ್ತಿ ಚೀಲಕ್ಕೆ ಹಾಕಿದೆ.